ಮೊದಲ ಕ್ರಾಸ್‌ಓವರ್: ಸೂತ್ರಕ್ಕೆ ಮುಂಚೆ ಡ್ರೈವರ್ ನೋಡಿ

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸ್ಪೀಕರ್ ಸಾಮಾನು ಮಾರುವ ಅಂಗಡಿಯಲ್ಲಿ ಟೂ-ವೇ ಕ್ರಾಸ್‌ಓವರ್ ಕೇಳಿದರೆ ಅಂಗೈಯಗಲದ ಒಂದು ಬೋರ್ಡ್ ತೆಗೆದು ಮುಂದಿಡುತ್ತಾರೆ. ಸದ್ದಿನ ಕೆಳಗಿನ ಸ್ವರಗಳನ್ನು ದೊಡ್ಡ ವೂಫರ್‌ಗೆ, ಮೇಲಿನವನ್ನು ಪುಟ್ಟ ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್ ಅದು. ಎರಡು ತಾಮ್ರದ ಕಾಯಿಲ್, ಒಂದೆರಡು ಕಂಡೆನ್ಸರ್, ಒಂದು ಬಿಳಿ ಸಿಮೆಂಟ್ ರೆಸಿಸ್ಟರ್. ಎಷ್ಟು ಹರ್ಟ್ಸ್‌ನಲ್ಲಿ ಸದ್ದು ಭಾಗವಾಗುತ್ತದೆ, ಎಷ್ಟು ವ್ಯಾಟ್ ತಡೆಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಯಾವ ವೂಫರ್‌ಗೆ, ಯಾವ ಟ್ವೀಟರ್‌ಗೆ ಎಂದು ಮಾತ್ರ ಬರೆದಿರುವುದಿಲ್ಲ. ಅದೊಂದು ಗೊತ್ತಿಲ್ಲದೆ ಮಿಕ್ಕ ಸಂಖ್ಯೆಗಳಿಗೆ ಬೆಲೆಯಿಲ್ಲ. ಯಾಕೆಂದರೆ ಕ್ರಾಸ್‌ಓವರ್‌ನ ಅರ್ಧ ಕೆಲಸ ನಡೆಯುವುದು ಬೋರ್ಡ್ ಮೇಲಲ್ಲ, ಡ್ರೈವರ್‌ಗಳ, ಅಂದರೆ ಆ ವೂಫರ್-ಟ್ವೀಟರ್‌ಗಳ ಒಳಗೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದು ಮೊದಲ ಸಲ ಸ್ಪೀಕರ್ ಕಟ್ಟಲು ಹೊರಟವರಿಗೆ ಇದು ಒಳ್ಳೆಯ ಸುದ್ದಿ ಎಂದೇ ನಾನು ನಂಬಿದ್ದೇನೆ. ಡ್ರೈವರ್‌ಗಳ ಗುಣ ಅರ್ಥ ಮಾಡಿಕೊಂಡರೆ ಒಂದು ಡಬ್ಬಿಗೆ ಏಳು ಬಿಡಿಭಾಗ ಸಾಕು. ಅವುಗಳಲ್ಲಿ ಹೆಚ್ಚಿನವು ಊರಿನ ಎಲೆಕ್ಟ್ರಿಕಲ್ ಅಂಗಡಿ ಮತ್ತು ಮೋಟರ್ ವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತವೆ.

ಉದಾಹರಣೆಗೆ ಒಂದು ಜೋಡಿ ಇಟ್ಟುಕೊಳ್ಳೋಣ: ಆರೂವರೆ ಇಂಚಿನ ವೂಫರ್, ಒಂದಿಂಚಿನ ಬಟ್ಟೆ ಗುಮ್ಮಟದ ಟ್ವೀಟರ್, ಎರಡರ ಮೇಲೂ 8 ಓಮ್ ಎಂದು ಬರೆದಿದೆ. ವೂಫರ್‌ನ ಡೇಟಾಶೀಟ್ ಪ್ರಕಾರ ಅದರ ತಂತಿಯ ಡಿಸಿ ರೆಸಿಸ್ಟೆನ್ಸ್ 5.8 ಓಮ್, ವಾಯ್ಸ್ ಕಾಯಿಲ್‌ನ (ಕೋನ್ ಅಲುಗಿಸುವ ಸುರುಳಿಯ) ಇಂಡಕ್ಟೆನ್ಸ್ 0.5 ಮಿಲಿಹೆನ್ರಿ, ಸೆನ್ಸಿಟಿವಿಟಿ (ಅಷ್ಟೇ ಸಿಗ್ನಲ್‌ಗೆ ಎಷ್ಟು ಜೋರು ಎಂಬ ಅಂಕಿ) 88 ಡಿಬಿ. ಟ್ವೀಟರ್‌ನ ರೆಸೊನೆನ್ಸ್, ಅಂದರೆ ಗುಮ್ಮಟ ತಾನಾಗಿ ಕಂಪಿಸುವ ಆವರ್ತನ, 1,100 ಹರ್ಟ್ಸ್, ಸೆನ್ಸಿಟಿವಿಟಿ 90 ಡಿಬಿ. ಇದು ಯಾವುದೇ ಒಂದು ಕಂಪನಿಯ ಮಾಲಲ್ಲ. ಈ ಅಳತೆಯ ಮಧ್ಯಮ ದರ್ಜೆಯ ಡ್ರೈವರ್‌ಗಳಲ್ಲಿ ಕಾಣುವ ಸಾಧಾರಣ ಅಂಕಿಗಳು.

ಎಲ್ಲಿ ಭಾಗ ಮಾಡಬೇಕು?

ಮೇಲಿನ ಮಿತಿಯನ್ನು ವೂಫರ್ ಹೇಳುತ್ತದೆ, ಕೆಳಗಿನ ಮಿತಿಯನ್ನು ಟ್ವೀಟರ್ ಹೇಳುತ್ತದೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. 2,500 ಹರ್ಟ್ಸ್‌ನ ಒಂದು ಅಲೆಯ ಉದ್ದ ಲೆಕ್ಕ ಹಾಕಿದರೆ 13.8 ಸೆಂಟಿಮೀಟರ್ ಬರುತ್ತದೆ. ಆರೂವರೆ ಇಂಚಿನ ವೂಫರ್‌ನ ಕೋನ್ ಅಗಲವೂ ಹೆಚ್ಚು ಕಡಿಮೆ ಅಷ್ಟೇ, 13 ಸೆಂಟಿಮೀಟರ್ ಆಸುಪಾಸು. ಅಲೆಯ ಉದ್ದ ಕೋನ್‌ನ ಅಗಲಕ್ಕೆ ಸಮೀಪಿಸಿದಾಗ ಸದ್ದು ಸುತ್ತ ಹರಡುವುದನ್ನು ಬಿಟ್ಟು ಎದುರಿಗಷ್ಟೇ ಚೂಪಾಗಿ ಹೋಗತೊಡಗುತ್ತದೆ. ಸೋಫಾದ ನಡುವೆ ಕೂತವರಿಗೆ ಒಂದು ಥರ, ಪಕ್ಕದಲ್ಲಿ ಕೂತವರಿಗೆ ಇನ್ನೊಂದು ಥರ ಕೇಳುತ್ತದೆ. ಹಾಗಾಗಿ ಈ ವೂಫರ್‌ನಿಂದ 2,500 ಹರ್ಟ್ಸ್‌ಗಿಂತ ಹೆಚ್ಚು ಮೇಲಕ್ಕೆ ಕೆಲಸ ತೆಗೆಯಬಾರದು. ಇನ್ನೂ ಮೇಲೆ, ಬಹಳಷ್ಟು ವೂಫರ್‌ಗಳಲ್ಲಿ 4,000 ಹರ್ಟ್ಸ್ ದಾಟಿದ ಮೇಲೆ, ಕೋನ್ ಒಂದೇ ತುಂಡಾಗಿ ಚಲಿಸುವುದನ್ನು ಬಿಟ್ಟು ಅಲ್ಲಲ್ಲಿ ಬೇರೆ ಬೇರೆಯಾಗಿ ಕಂಪಿಸುತ್ತದೆ. ಡೇಟಾಶೀಟಿನ ಗ್ರಾಫ್‌ನಲ್ಲಿ ಅದು ಉಬ್ಬಾಗಿ, ಮುಳ್ಳಾಗಿ ಕಾಣಿಸುತ್ತದೆ.

ಟ್ವೀಟರ್ ಕಡೆಯ ಲೆಕ್ಕ ಇನ್ನೂ ಕಟ್ಟುನಿಟ್ಟು. ಒಂದೇ ಗಟ್ಟಿತನದ ಸದ್ದು ಬೇಕೆಂದರೆ, ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ಗುಮ್ಮಟ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕು. 5,000 ಹರ್ಟ್ಸ್‌ನಲ್ಲಿ ಒಂದು ಪಾಲು ಚಲಿಸಿದರೆ 2,500ರಲ್ಲಿ ನಾಲ್ಕು ಪಾಲು, 1,250ರಲ್ಲಿ ಹದಿನಾರು ಪಾಲು. ಡಿಬಿಯಲ್ಲಿ ಹೇಳಿದರೆ ಸ್ಥಾಯಿಗೆ 12. ಬರೀ ಒಂದು ಕಂಡೆನ್ಸರ್ ಹಾಕಿದ ಮೊದಲ ದರ್ಜೆಯ ಫಿಲ್ಟರ್ ಸ್ಥಾಯಿಗೆ 6 ಡಿಬಿ ಮಾತ್ರ ತಗ್ಗಿಸುತ್ತದೆ. ಅಂದರೆ ರೆಸೊನೆನ್ಸ್‌ವರೆಗೂ ಕೆಳಗಿಳಿದಂತೆ ಗುಮ್ಮಟದ ಚಲನೆ ಇನ್ನೂ ಹೆಚ್ಚುತ್ತಲೇ ಹೋಗುತ್ತದೆ. ಕಂಡೆನ್ಸರ್ ಜೊತೆ ಒಂದು ಕಾಯಿಲ್ ಸೇರಿಸಿ ಎರಡನೇ ದರ್ಜೆ ಮಾಡಿದರೆ ಸ್ಥಾಯಿಗೆ 12 ಡಿಬಿ ಸಿಗುತ್ತದೆ, ಚಲನೆಯ ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಅಗ್ಗದ ಟ್ವೀಟರ್‌ಗೆ ಎರಡನೇ ದರ್ಜೆಯೇ ಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಅದರ ಜೊತೆಗೆ, ಭಾಗ ಮಾಡುವ ಜಾಗ ಟ್ವೀಟರ್‌ನ ರೆಸೊನೆನ್ಸ್‌ಗಿಂತ ಕಡಿಮೆಯೆಂದರೂ ಎರಡು ಪಟ್ಟು ಮೇಲಿರಲಿ. ನಮ್ಮ ಟ್ವೀಟರ್‌ಗೆ ಅದು 2,200. ಹಾಗಾದರೆ 2,500 ಹರ್ಟ್ಸ್ ಇಬ್ಬರಿಗೂ ಒಪ್ಪುವ ಜಾಗ.

ಪುಸ್ತಕದ ಸೂತ್ರ ಎಡವುವುದು ಎಲ್ಲಿ?

ಸೂತ್ರ ಸುಲಭ. ಕಂಡೆನ್ಸರ್ ಬೇಕಾದರೆ 1,59,155 ಅನ್ನು ಹರ್ಟ್ಸ್ ಮತ್ತು ಓಮ್‌ನ ಗುಣಲಬ್ಧದಿಂದ ಭಾಗಿಸಿ. ಉತ್ತರ ಮೈಕ್ರೋಫ್ಯಾರಡ್‌ನಲ್ಲಿ ಬರುತ್ತದೆ. ಕಾಯಿಲ್ ಬೇಕಾದರೆ 159.155 ಅನ್ನು ಓಮ್‌ನಿಂದ ಗುಣಿಸಿ ಹರ್ಟ್ಸ್‌ನಿಂದ ಭಾಗಿಸಿ; ಉತ್ತರ ಮಿಲಿಹೆನ್ರಿಯಲ್ಲಿ. 8 ಓಮ್, 2,500 ಹರ್ಟ್ಸ್‌ಗೆ 8 ಮೈಕ್ರೋಫ್ಯಾರಡ್ ಮತ್ತು 0.51 ಮಿಲಿಹೆನ್ರಿ. ಇಂಟರ್ನೆಟ್ಟಿನ ಕ್ಯಾಲ್ಕುಲೇಟರ್‌ಗಳು ಕೊಡುವುದೂ ಇದನ್ನೇ.

ಈ ಸೂತ್ರ ಡ್ರೈವರ್ ಜಾಗದಲ್ಲಿ ಒಂದು 8 ಓಮ್ ರೆಸಿಸ್ಟರ್ ಇದೆ ಎಂದು ಭಾವಿಸುತ್ತದೆ. ನಿಜವಾದ ವೂಫರ್ ಹಾಗಿಲ್ಲ. ಅದರ ವಾಯ್ಸ್ ಕಾಯಿಲ್ ಕೂಡ ಒಂದು ಕಾಯಿಲ್ಲೇ. ಆವರ್ತನ ಏರಿದಂತೆ ಅದರ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ಅಡ್ಡಿ, ಕೂಡ ಏರುತ್ತದೆ. ನಮ್ಮ ವೂಫರ್‌ನೊಳಗೆ 0.5 ಮಿಲಿಹೆನ್ರಿ ಇದೆ, ನಾವು ಹೊರಗೆ ಸೇರಿಸಿದ್ದು 0.51. 10,000 ಹರ್ಟ್ಸ್‌ನಲ್ಲಿ ಒಳಗಿನದೂ ಹೊರಗಿನದೂ ತಲಾ 31 ಓಮ್‌ಗಿಂತ ಸ್ವಲ್ಪ ಹೆಚ್ಚು ಅಡ್ಡಿ ಒಡ್ಡುತ್ತವೆ. ಆಂಪ್ಲಿಫೈಯರ್ ಕೊಟ್ಟ ವೋಲ್ಟೇಜ್ ಎರಡರ ನಡುವೆ ಅರ್ಧರ್ಧ ಹಂಚಿಕೆಯಾಗುತ್ತದೆ. ಅರ್ಧ ವೋಲ್ಟೇಜ್ ಎಂದರೆ 6 ಡಿಬಿ ಇಳಿತ. ಪುಸ್ತಕ ಅಲ್ಲಿ 12 ಡಿಬಿ ಇಳಿತ ಎಂದಿರುತ್ತದೆ. 20,000 ಹರ್ಟ್ಸ್‌ಗೆ ಹೋದರೂ ಈ 6 ಡಿಬಿ ಹೆಚ್ಚಾಗುವುದಿಲ್ಲ. ಕೋನ್‌ನ ಮುಳ್ಳುಗಳನ್ನು ತಗ್ಗಿಸಲೆಂದು ಹಾಕಿದ ಕಾಯಿಲ್ ಅರ್ಧ ಕೆಲಸಕ್ಕೇ ಕೈಚೆಲ್ಲುತ್ತದೆ.

ಟ್ವೀಟರ್ ಕಡೆಗೂ ಇದೇ ಪಾಡು. ರೆಸೊನೆನ್ಸ್ ಇರುವ ಕಡೆ ಅದರ ಇಂಪೀಡೆನ್ಸ್ ಶಿಖರದಂತೆ ಎದ್ದು ನಿಲ್ಲುತ್ತದೆ. 1,100 ಹರ್ಟ್ಸ್‌ನಲ್ಲಿ 8 ಮೈಕ್ರೋಫ್ಯಾರಡ್ ಕಂಡೆನ್ಸರ್‌ನ ಅಡ್ಡಿ ಸುಮಾರು 18 ಓಮ್. ಟ್ವೀಟರ್ 8 ಓಮ್ ಆಗಿದ್ದರೆ ಅಲ್ಲಿ 8 ಡಿಬಿ ಇಳಿಯಬೇಕಿತ್ತು. ಶಿಖರ 20 ಓಮ್ ಇದ್ದರೆ ಇಳಿಯುವುದು 3 ಡಿಬಿಗಿಂತ ಕಡಿಮೆ. ಟ್ವೀಟರ್ ತೀರಾ ಸೋಲುವ ಜಾಗದಲ್ಲೇ ಫಿಲ್ಟರ್ ಅದನ್ನು ಕೈಬಿಡುತ್ತದೆ. ಜೋರಾಗಿ ಹಾಕಿದಾಗ ಅಗ್ಗದ ಸ್ಪೀಕರ್‌ಗಳು ಕೀರಲು ದನಿ ಮಾಡುವುದರ ಹಿಂದೆ ಎಷ್ಟೋ ಸಲ ಈ ಒಂಟಿ ಕಂಡೆನ್ಸರ್ ಇರುತ್ತದೆ.

ವೂಫರ್‌ಗೆ ಪರಿಹಾರ ಅಗ್ಗದ್ದೇ. ಅದರ ಎರಡು ಟರ್ಮಿನಲ್‌ಗಳಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಮತ್ತು ಒಂದು ಕಂಡೆನ್ಸರ್ ಅನ್ನು ಸರಣಿಯಾಗಿ ಜೋಡಿಸಬೇಕು. ಇದನ್ನು ಝೋಬೆಲ್ ಎನ್ನುತ್ತಾರೆ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯಲ್ಲಿ ಫಿಲ್ಟರ್‌ಗಳ ಕೆಲಸ ಮಾಡಿದ ಓಟೋ ಝೋಬೆಲ್ ಹೆಸರು. ರೆಸಿಸ್ಟರ್‌ನ ಮೌಲ್ಯ ಡಿಸಿ ರೆಸಿಸ್ಟೆನ್ಸ್‌ನ 1.25 ಪಟ್ಟು: 5.8ಕ್ಕೆ 7.25, ಅಂಗಡಿಯಲ್ಲಿ ಸಿಗುವುದು 7.5. ಕಂಡೆನ್ಸರ್‌ನ ಮೌಲ್ಯ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸನ್ನು ಆ ರೆಸಿಸ್ಟರ್‌ನ ವರ್ಗದಿಂದ ಭಾಗಿಸಿದಷ್ಟು: ಇಲ್ಲಿ 9 ಚಿಲ್ಲರೆ, 10 ಮೈಕ್ರೋಫ್ಯಾರಡ್ ಹಾಕಿದರೆ ಆಯಿತು. ಇಷ್ಟು ಮಾಡಿದರೆ 2,500 ಹರ್ಟ್ಸ್‌ನಲ್ಲೂ 5,000 ಹರ್ಟ್ಸ್‌ನಲ್ಲೂ ವೂಫರ್ ಸುಮಾರು 7 ಓಮ್ ಆಗಿಯೇ ಉಳಿಯುತ್ತದೆ. ಈಗ ಮುಂದೆ ಕೂತ ಕಾಯಿಲ್‌ಗೆ ಹಿಡಿತ ಸಿಗುತ್ತದೆ.

ಹಲಗೆಯ ಅಗಲ ಕದಿಯುವ 6 ಡಿಬಿ

ಡೇಟಾಶೀಟಿನ ಗ್ರಾಫನ್ನು ಸಾಮಾನ್ಯವಾಗಿ ದೊಡ್ಡ ಹಲಗೆಯೊಂದರಲ್ಲಿ ಡ್ರೈವರ್ ಕೂರಿಸಿ ಅಳೆದಿರುತ್ತಾರೆ. ಸದ್ದೆಲ್ಲ ಮುಂದಕ್ಕೇ ಬರುತ್ತದೆ. ನಮ್ಮ ಡಬ್ಬಿಯ ಮುಂದಿನ ಹಲಗೆ 22 ಸೆಂಟಿಮೀಟರ್ ಅಗಲ. ಅಲೆಯ ಉದ್ದ ಹಲಗೆಗಿಂತ ಬಹಳ ದೊಡ್ಡದಾದಾಗ ಸದ್ದು ಡಬ್ಬಿಯನ್ನು ಬಳಸಿ ಹಿಂದಕ್ಕೂ ಹೋಗುತ್ತದೆ. ಹೀಗೆ ಮೇಲಿನ ಸ್ವರಗಳಿಗೆ ಹೋಲಿಸಿದರೆ ಕೆಳಗಿನವು 6 ಡಿಬಿ ಬಡವಾಗುತ್ತವೆ. ಈ ಬದಲಾವಣೆಯ ನಡು ಎಲ್ಲಿ ಎಂದು ತಿಳಿಯಲು 115 ಅನ್ನು ಮೀಟರ್‌ನಲ್ಲಿ ಅಳೆದ ಅಗಲದಿಂದ ಭಾಗಿಸಿದರೆ ಸಾಕು: 115 ಭಾಗಿಸು 0.22, ಅಂದರೆ ಸುಮಾರು 520 ಹರ್ಟ್ಸ್. ಗಂಡುದನಿಯ ಗಟ್ಟಿತನ, ವೀಣೆಯ ಮಂದ್ರ, ತಬಲಾದ ಡಗ್ಗಾ ಎಲ್ಲ ಇದರ ಕೆಳಗಿನ ಅಥವಾ ಆಸುಪಾಸಿನ ಸಂಗತಿ. ರೆಡಿಮೇಡ್ ಬೋರ್ಡ್ ಹಾಕಿದ ಮನೆಯ ಸ್ಪೀಕರ್ ತೆಳ್ಳಗೆ, ಮುಖಕ್ಕೆ ಹೊಡೆದಂತೆ ಕೇಳಿದರೆ ಜನ ಟ್ವೀಟರನ್ನು ಬೈಯುತ್ತಾರೆ. ತಪ್ಪು ಬಹುಪಾಲು ಈ 6 ಡಿಬಿಯದು.

ಇದನ್ನು ಸರಿಪಡಿಸಲು ಪ್ರತ್ಯೇಕ ಸರ್ಕ್ಯೂಟ್ ಬೇಡ, ವೂಫರ್‌ನ ಕಾಯಿಲನ್ನೇ ದೊಡ್ಡದು ಮಾಡಿದರಾಯಿತು. ಕಡಿಮೆ ದುಡ್ಡಿನ ಕ್ರಾಸ್‌ಓವರ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಉಪಾಯ ಇದು. ಪುಸ್ತಕದ 0.51 ಬದಲು 1.5 ಮಿಲಿಹೆನ್ರಿ ಹಾಕಿ, ಜೊತೆಗೆ ಮೇಲಿನ ಝೋಬೆಲ್ ಇಟ್ಟರೆ ವೂಫರ್ ಟರ್ಮಿನಲ್‌ನಲ್ಲಿ ಸಿಗುವ ವೋಲ್ಟೇಜ್ 500 ಹರ್ಟ್ಸ್‌ನಲ್ಲಿ ಸುಮಾರು 3 ಡಿಬಿ, 1,000ದಲ್ಲಿ 6 ಡಿಬಿ, 2,500ರಲ್ಲಿ 11 ಡಿಬಿ ಇಳಿದಿರುತ್ತದೆ. ಆ ಕಡೆ ಹಲಗೆ, ಬಾಸ್‌ಗೆ ಹೋಲಿಸಿದರೆ, 500ರಲ್ಲಿ 3 ಡಿಬಿ, ಮೇಲೆ ಹೋದಂತೆ 6 ಡಿಬಿವರೆಗೆ ಎತ್ತಿಕೊಡುತ್ತಿದೆ. ಎರಡನ್ನೂ ಕೂಡಿಸಿ ನೋಡಿ: 1,000 ಹರ್ಟ್ಸ್‌ವರೆಗೆ ಗೆರೆ ಬಹುತೇಕ ಸಮತಟ್ಟು, 2,500ರಲ್ಲಿ ಬಾಸ್‌ನ ಮಟ್ಟಕ್ಕಿಂತ 5 ಡಿಬಿ ಕೆಳಗೆ. ವೂಫರ್ ತಾನೇ ಮೇಲ್ಗಡೆ ಸ್ವಲ್ಪ ಇಳಿಯುತ್ತಿದ್ದರೆ 6 ಆಗುತ್ತದೆ. ಒಂದೇ ಕಾಯಿಲ್ ಎರಡು ಕೆಲಸ ಮುಗಿಸಿತು.

6 ಡಿಬಿ ಎಂಬ ಸಂಖ್ಯೆ ಯಾಕೆ ಮುಖ್ಯ ಎಂದರೆ, ಭಾಗವಾಗುವ ಜಾಗದಲ್ಲಿ ಎರಡೂ ಡ್ರೈವರ್‌ಗಳು ತಲಾ 6 ಡಿಬಿ ಕೆಳಗಿದ್ದು, ಇಬ್ಬರ ಅಲೆಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಕೂಡಿದ ಸದ್ದು ಸರಿಯಾಗಿ ಮಟ್ಟಕ್ಕೆ ಬರುತ್ತದೆ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್ವಿಟ್ಜ್ 1976ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಧಾನ ಹೆಸರಾಯಿತು. ಸಹೋದ್ಯೋಗಿ ರಸ್ ರೈಲಿ ಹೆಸರನ್ನೂ ಸೇರಿಸಿ ಇಂದು ಲಿಂಕ್ವಿಟ್ಜ್-ರೈಲಿ ಎನ್ನುತ್ತಾರೆ. ಆದರೆ ಆ ಇಳಿಜಾರು ಬೇಕಿರುವುದು ಕಿವಿಗೆ ಬರುವ ಸದ್ದಿನಲ್ಲಿ, ತಂತಿಯಲ್ಲಿರುವ ವೋಲ್ಟೇಜ್‌ನಲ್ಲಲ್ಲ. ತಂತಿಯ ಇಳಿತ, ಡ್ರೈವರ್‌ನ ಸ್ವಂತ ಇಳಿತ, ಹಲಗೆಯ ಏರಿಕೆ ಈ ಮೂರೂ ಕೂಡಿದ ಫಲಿತಾಂಶವೇ ಕ್ರಾಸ್‌ಓವರ್.

ಡಬ್ಬಿ ಗೋಡೆಗೆ ಅಂಟಿಕೊಂಡಿದ್ದರೆ ಅಥವಾ ಟಿವಿ ಶೋಕೇಸ್ ಒಳಗಿದ್ದರೆ ಗೋಡೆಯೇ ಬಾಸ್‌ಗೆ ಬಲ ಕೊಡುತ್ತದೆ. ಆಗ 1.5 ಮಿಲಿಹೆನ್ರಿ ಜಾಸ್ತಿಯಾಯಿತು, 1 ಮಿಲಿಹೆನ್ರಿಯಿಂದ ಶುರು ಮಾಡಿ. ನಮ್ಮ ಮನೆಗಳಲ್ಲಿ ಸ್ಪೀಕರ್ ಗೋಡೆಯಿಂದ ಒಂದು ಮೀಟರ್ ಮುಂದೆ ನಿಲ್ಲುವುದು ಅಪರೂಪ. ಹಾಗಾಗಿ ಬೇರೆಯವರ ವಿನ್ಯಾಸ ನೋಡಿ ಕಟ್ಟುವಾಗಲೂ ಇದನ್ನು ಮೊದಲು ಕೇಳಿಕೊಳ್ಳಿ.

ಟ್ವೀಟರ್ ಕಡೆಯ ನಾಲ್ಕು ಭಾಗಗಳು

ಹಲಗೆಯ 6 ಡಿಬಿ ಕಳೆದು ಬಾಸ್ ಮಟ್ಟ 88ರಿಂದ 82ಕ್ಕೆ ಇಳಿಯಿತು, ಕೋಣೆಯ ಬೆಂಬಲ ಸೇರಿ 83 ಎನ್ನೋಣ. ಟ್ವೀಟರ್ 90ರಲ್ಲಿದೆ. ಅದನ್ನು 7 ಡಿಬಿ ತಗ್ಗಿಸಬೇಕು. ಸರಣಿಯಲ್ಲಿ 3.9 ಓಮ್, ಟ್ವೀಟರ್‌ಗೆ ಅಡ್ಡಲಾಗಿ 6.8 ಓಮ್ ರೆಸಿಸ್ಟರ್ ಹಾಕಿದರೆ, ಟ್ವೀಟರ್ ನಿಜದಲ್ಲಿ ಆರೂವರೆ ಓಮ್ ಇದ್ದಾಗ 6.7 ಡಿಬಿ ಇಳಿತ ಸಿಗುತ್ತದೆ. ಈ ಅಡ್ಡ ರೆಸಿಸ್ಟರ್‌ನಿಂದ ಇನ್ನೊಂದು ಉಪಕಾರವಿದೆ: ರೆಸೊನೆನ್ಸ್‌ನ ಇಂಪೀಡೆನ್ಸ್ ಶಿಖರವನ್ನು ಅದು ಚಪ್ಪಟೆ ಮಾಡುತ್ತದೆ, ಫಿಲ್ಟರ್‌ಗೆ ಎದುರಾಗುವ ಭಾರ 7 ಓಮ್ ಸುತ್ತಮುತ್ತ ನಿಲ್ಲುತ್ತದೆ. ಸರಣಿಯಲ್ಲಿ ಒಂದೇ ರೆಸಿಸ್ಟರ್ ಹಾಕಿ ಕೈತೊಳೆದುಕೊಂಡರೆ ಈ ಲಾಭವಿಲ್ಲ.

ಫಿಲ್ಟರ್‌ಗೆ ಸರಣಿಯಲ್ಲಿ 4.7 ಮೈಕ್ರೋಫ್ಯಾರಡ್ ಕಂಡೆನ್ಸರ್, ಅದರ ನಂತರ ಅಡ್ಡಲಾಗಿ 0.47 ಮಿಲಿಹೆನ್ರಿ ಕಾಯಿಲ್, ಆಮೇಲೆ ಆ ಎರಡು ರೆಸಿಸ್ಟರ್, ಕೊನೆಗೆ ಟ್ವೀಟರ್. 2,500 ಹರ್ಟ್ಸ್‌ನಲ್ಲಿ ಇದು 6 ಡಿಬಿಗೆ ತುಸು ಹೆಚ್ಚು ಇಳಿಸುತ್ತದೆ. ಈಗ ಲೆಕ್ಕ ತಾಳೆ ನೋಡಿ: ವೂಫರ್ 88ರಲ್ಲಿ 11 ಕಳೆದು 77, ಟ್ವೀಟರ್ 90ರಲ್ಲಿ 6.7, ಮತ್ತೆ 6.3 ಕಳೆದು 77. ಎರಡು ಗೆರೆಗಳೂ ಬೇಕಾದ ಜಾಗದಲ್ಲೇ ಸಂಧಿಸಿದವು.

ಇನ್ನು ಉಳಿದದ್ದು ಟ್ವೀಟರ್‌ನ ಪ್ಲಸ್-ಮೈನಸ್. ಎರಡನೇ ದರ್ಜೆಯಾದರೆ ಟ್ವೀಟರ್ ತಂತಿ ತಿರುಗಿಸಿ ಹಾಕಬೇಕು ಎಂದು ಪುಸ್ತಕಗಳು ಹೇಳುತ್ತವೆ. ಅದು ರೆಸಿಸ್ಟರ್‌ಗಳ ಲೋಕದ ನಿಯಮ. ನಿಜದಲ್ಲಿ ವೂಫರ್‌ನ ಸದ್ದು ಹುಟ್ಟುವ ಜಾಗ ಟ್ವೀಟರ್‌ಗಿಂತ ಎರಡು-ಮೂರು ಸೆಂಟಿಮೀಟರ್ ಹಿಂದಿರುತ್ತದೆ. ಎರಡೂವರೆ ಸೆಂಟಿಮೀಟರ್ ಅಂದರೆ 2,500 ಹರ್ಟ್ಸ್‌ನ ಅಲೆಯಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಭಾಗ, ಕಡೆಗಣಿಸುವ ಅಂತರವಲ್ಲ. ಹೀಗಾಗಿ ನೇರವೋ ತಿರುಗೋ ಎಂಬುದನ್ನು ಅಳೆದೇ ತೀರ್ಮಾನಿಸಬೇಕು. ಎರಡೂ ರೀತಿ ಜೋಡಿಸಿ ಅಳೆಯಿರಿ. ಒಂದರಲ್ಲಿ 2,500ರ ಹತ್ತಿರ ಆಳವಾದ ಹಳ್ಳ ಬಿದ್ದರೆ, ಇನ್ನೊಂದೇ ಸರಿಯಾದದ್ದು. ಎರಡರಲ್ಲೂ ಅರೆಬರೆ ಹಳ್ಳ ಬಂದರೆ ಅಲೆಗಳು ಪೂರ್ತಿ ಕೂಡುತ್ತಿಲ್ಲ ಎಂದರ್ಥ. ಆಗ ಝೋಬೆಲ್‌ನ 7.5 ಓಮ್ ಅನ್ನು ಹಂತಹಂತವಾಗಿ 2 ಓಮ್‌ವರೆಗೆ ಇಳಿಸಿ ನೋಡಿ. ಕಾಯಿಲ್ ಮತ್ತು ಝೋಬೆಲ್ ಸೇರಿ ಮೆಲ್ಲಗೆ ಎರಡನೇ ದರ್ಜೆಯ ಫಿಲ್ಟರ್‌ನಂತೆ ವರ್ತಿಸತೊಡಗುತ್ತವೆ, 5,000 ಹರ್ಟ್ಸ್ ಆಚೆ ಇಳಿಜಾರು ಕಡಿದಾಗುತ್ತದೆ, ವೂಫರ್‌ನ ಅಲೆ ಇನ್ನಷ್ಟು ಹಿಂದೆ ಬೀಳುತ್ತದೆ. ಜೊತೆಗೆ 2,500ರ ಸುತ್ತ ವೂಫರ್ ಸ್ವಲ್ಪ ಎದ್ದು ಬರುತ್ತದೆ, ಹಾಗಾಗಿ ಕಾಯಿಲ್‌ನ ಮೌಲ್ಯವನ್ನೂ ಮರುಲೆಕ್ಕ ಹಾಕಬೇಕಾಗುತ್ತದೆ.

ಇಲ್ಲಿ ವೂಫರ್ ಸಭ್ಯವಾಗಿದೆ ಎಂದು ನಂಬಿಕೊಂಡಿದ್ದೇನೆ. ಅದು ಸಭ್ಯವಾಗಿಲ್ಲದಿದ್ದರೆ ಖರ್ಚು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರ್ ಸಾಕ್ಷಿ. ಅದರಲ್ಲಿದ್ದದ್ದು ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್. ಆ ವೂಫರ್‌ನ ಮಧ್ಯಸ್ವರದ ಉಬ್ಬನ್ನು ಇಳಿಸಲೆಂದೇ ಬೇರೆ ಭಾಗಗಳು, ಟ್ವೀಟರ್ ಮಟ್ಟ ಹೊಂದಿಸಲು ಹಲವು ಟ್ಯಾಪ್‌ಗಳಿರುವ ಟ್ರಾನ್ಸ್‌ಫಾರ್ಮರ್. ಕಾಲಿಗೆ ಸರಿಹೊಂದುವ ಚಪ್ಪಲಿ ಆರಿಸುವ ಅವಕಾಶ ಇರುವಾಗ ಬಿಗಿಯಾದದ್ದನ್ನು ಕೊಂಡು ಮೋಚಿಯ ಹತ್ತಿರ ಅಲೆಯಬೇಕಿಲ್ಲ. ವೂಫರ್ ಕೊಳ್ಳುವಾಗ ಭಾಗ ಮಾಡುವ ಜಾಗದಿಂದ ಒಂದು ಸ್ಥಾಯಿ ಮೇಲಿನವರೆಗೂ, ಅಂದರೆ 5,000 ಹರ್ಟ್ಸ್‌ವರೆಗೂ, ಗೆರೆ ನಯವಾಗಿರುವುದನ್ನೇ ಆರಿಸಿ. ಕಾಗದದ ಅಥವಾ ಪಾಲಿಪ್ರೊಪಿಲೀನ್ ಕೋನ್‌ಗಳಲ್ಲಿ ಇಂಥವು ಸಿಗುವುದು ಹೆಚ್ಚು. ಅಲ್ಯೂಮಿನಿಯಂ ಕೋನ್ ನೋಡಲು ಚೆಂದ, ಆದರೆ ಅದರ ಮುಳ್ಳು ಚೂಪು. ಮೊದಲ ಸಲಕ್ಕೆ ಬೇಡ.

ಬಿಡಿಭಾಗ ಎಲ್ಲಿಂದ ತರುವುದು?

ಆಡಿಯೊ ಹೆಸರಿನಲ್ಲಿ ಮಾರುವ ಪಾಲಿಪ್ರೊಪಿಲೀನ್ ಕಂಡೆನ್ಸರ್‌ಗಳಿಗೆ ಸಿಕ್ಕಾಪಟ್ಟೆ ಬೆಲೆ. ನಮ್ಮ ಊರಿನ ಪ್ರತಿ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸೀಲಿಂಗ್ ಫ್ಯಾನ್‌ನ ಕಂಡೆನ್ಸರ್ ಸಿಗುತ್ತದೆ. ಅದೂ ಲೋಹಲೇಪಿತ ಪಾಲಿಪ್ರೊಪಿಲೀನ್‌ನದ್ದೇ, 440 ವೋಲ್ಟ್ ಎಸಿ ತಡೆಯುವಂಥದ್ದು, ವ್ಯತ್ಯಾಸ ಸಾಮಾನ್ಯವಾಗಿ ಶೇಕಡ 5ರೊಳಗೆ. 2.5 ಮತ್ತು 2.25 ಮೈಕ್ರೋಫ್ಯಾರಡ್‌ನ ಎರಡನ್ನು ಪಕ್ಕಪಕ್ಕ ಸೇರಿಸಿದರೆ 4.75. ಟ್ವೀಟರ್‌ಗೆ ಬೇಕಾದದ್ದು ಸಿಕ್ಕಿತು. ಝೋಬೆಲ್‌ನ 10 ಮೈಕ್ರೋಫ್ಯಾರಡ್‌ಗೆ ನೀರೆತ್ತುವ ಮೋಟರ್‌ನ ರನ್ ಕಂಡೆನ್ಸರ್ ನಡೆಯುತ್ತದೆ, ಇಲ್ಲವೇ ನಾನ್-ಪೋಲಾರ್ ಎಲೆಕ್ಟ್ರೊಲಿಟಿಕ್. ಅಲ್ಲಿ ಸರಣಿಯಲ್ಲಿ ರೆಸಿಸ್ಟರ್ ಇರುವುದರಿಂದ ಕಂಡೆನ್ಸರ್‌ನ ಸಣ್ಣಪುಟ್ಟ ದೋಷ ಲೆಕ್ಕಕ್ಕೆ ಬರುವುದಿಲ್ಲ. ಎರಡು ಎಚ್ಚರಿಕೆ: ಮೋಟರ್‌ನ ಸ್ಟಾರ್ಟ್ ಕಂಡೆನ್ಸರ್ ಬೇರೆ ಜಾತಿ, ಅದು ಬೇಡ, ಹಳೆ ಫ್ಯಾನ್‌ನಿಂದ ಬಿಚ್ಚಿದ್ದೂ ಬೇಡ. ಎಷ್ಟೋ ಸಲ ಫ್ಯಾನ್ ನಿಧಾನವಾಗುವುದು ಕಂಡೆನ್ಸರ್ ಸವೆದು ಮೈಕ್ರೋಫ್ಯಾರಡ್ ಇಳಿದಾಗಲೇ.

ಕಾಯಿಲನ್ನು ನೀವೇ ಸುತ್ತಬಹುದು. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ವೂಫರ್‌ನ ಕಾಯಿಲ್‌ಗೆ 18 ಗೇಜ್ ತಂತಿ, ಸುಮಾರು 1.2 ಮಿಲಿಮೀಟರ್ ದಪ್ಪ. ಹೊರವ್ಯಾಸ 32 ಮಿಲಿಮೀಟರ್ ಇರುವ ಪಿವಿಸಿ ಪೈಪ್‌ನ ತುಂಡಿನ ಎರಡು ಬದಿಗೂ ಪ್ಲೈವುಡ್ ಬಿಲ್ಲೆ ಅಂಟಿಸಿ, ನಡುವೆ 18 ಮಿಲಿಮೀಟರ್ ಜಾಗ ಬಿಡಿ. ಸಾಲಿನ ಮೇಲೆ ಸಾಲು ಬಿಗಿಯಾಗಿ 194 ಸುತ್ತು ಹಾಕಿದರೆ ಲೆಕ್ಕದ ಪ್ರಕಾರ 1.5 ಮಿಲಿಹೆನ್ರಿ. ಬೇಕಾಗುವ ತಂತಿ 30 ಮೀಟರ್ ಚಿಲ್ಲರೆ, ತೂಕ ಕಾಲು ಕೆಜಿಗಿಂತ ಸ್ವಲ್ಪ ಹೆಚ್ಚು, ರೆಸಿಸ್ಟೆನ್ಸ್ ಅರ್ಧ ಓಮ್‌ಗಿಂತ ಕಡಿಮೆ. ಕೈಯಲ್ಲಿ ಸುತ್ತಿದ್ದು ಲೆಕ್ಕದಷ್ಟು ಬಿಗಿ ಇರುವುದಿಲ್ಲ. ಆದ್ದರಿಂದ ಹತ್ತು ಸುತ್ತು ಜಾಸ್ತಿ ಹಾಕಿ, ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಸಿಕ್ಕಿಸಿ, ಒಂದೊಂದೇ ಸುತ್ತು ಬಿಚ್ಚುತ್ತ ಸರಿಯಾದ ಸಂಖ್ಯೆಗೆ ತನ್ನಿ. ಮೀಟರ್ ಕೊಳ್ಳಬೇಕಿಲ್ಲ; ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಇರುತ್ತದೆ, ಕೇಳಿದರೆ ಐದು ನಿಮಿಷದ ಕೆಲಸ. ಟ್ವೀಟರ್‌ನ ಕಾಯಿಲ್‌ಗೆ 22 ಗೇಜ್ ಸಾಕು, ಅಲ್ಲಿ ಅರ್ಧ ಓಮ್ ಆಚೀಚೆ ಆದರೆ ನಷ್ಟವಿಲ್ಲ.

ರೆಸಿಸ್ಟರ್ 10 ವ್ಯಾಟ್‌ನ ಸಿಮೆಂಟ್ ಮಾದರಿಯದು. ಅದು ಬಿಸಿಯಾಗುತ್ತದೆ, ಹಲಗೆಯಿಂದ ಅರ್ಧ ಇಂಚು ಎತ್ತಿ ಕೂರಿಸಿ, ಡಬ್ಬಿಯೊಳಗೆ ತುಂಬಿದ ಹತ್ತಿ ತಾಗದಂತೆ ನೋಡಿಕೊಳ್ಳಿ. ಎರಡು ಕಾಯಿಲ್‌ಗಳನ್ನು ದೂರ ಇಟ್ಟು, ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ. ಇಲ್ಲದಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ನುಗ್ಗುತ್ತದೆ. ಕಾಯಿಲ್ ನಡುವೆ ಕಬ್ಬಿಣದ ಬೋಲ್ಟ್ ತೂರಿಸಿದರೆ ನೀವು ಕಷ್ಟಪಟ್ಟು ಹೊಂದಿಸಿದ ಸಂಖ್ಯೆ ಬದಲಾಗಿಬಿಡುತ್ತದೆ. ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿ.

ಅಳತೆಗೆ ಖರ್ಚು ಮಾಡಿ

ಚಿನ್ನದ ಲೇಪದ ಟರ್ಮಿನಲ್‌ಗೆ, ದಪ್ಪ ಸ್ಪೀಕರ್ ಕೇಬಲ್‌ಗೆ ಇಟ್ಟ ದುಡ್ಡನ್ನು ಒಂದು ಮೈಕ್‌ಗೆ ಹಾಕಿ. ಅಳತೆಗೆಂದೇ ಮಾಡಿದ, ಕ್ಯಾಲಿಬ್ರೇಶನ್ ಫೈಲ್ ಸಮೇತ ಬರುವ ಸಣ್ಣ ಮೈಕ್ ಸಾಕು; ಮೂರು ಜನ ಸ್ನೇಹಿತರು ಸೇರಿ ಒಂದು ಕೊಂಡರೂ ಆಗುತ್ತದೆ. ಸಾಫ್ಟ್‌ವೇರ್‌ಗಳು ಉಚಿತ: ಅಳೆಯಲು ಆರ್‌ಇಡಬ್ಲ್ಯು, ಕ್ರಾಸ್‌ಓವರನ್ನು ಕಂಪ್ಯೂಟರ್‌ನಲ್ಲೇ ಕಟ್ಟಿ ನೋಡಲು ವಿಟುಯಿಕ್ಸ್‌ಕ್ಯಾಡ್ ಅಥವಾ ಎಕ್ಸ್‌ಸಿಮ್.

ಡ್ರೈವರ್ ಡಬ್ಬಿಯಲ್ಲಿ ಕೂತ ಮೇಲೆ, ಡಬ್ಬಿಯನ್ನು ಸ್ಟೂಲ್ ಮೇಲಿಟ್ಟು ನೆಲದಿಂದ 1.4 ಮೀಟರ್ ಎತ್ತರಕ್ಕೆ ತನ್ನಿ. ಅಷ್ಟೇ ಎತ್ತರದಲ್ಲಿ ಒಂದು ಮೀಟರ್ ದೂರಕ್ಕೆ ಮೈಕ್ ಇಡಿ. ನೆಲಕ್ಕೆ ಬಡಿದು ಬರುವ ಪ್ರತಿಧ್ವನಿ ನೇರ ಸದ್ದಿಗಿಂತ ಸುಮಾರು 2 ಮೀಟರ್ ಹೆಚ್ಚು ದೂರ ಬರಬೇಕು, ಅಂದರೆ 5.7 ಮಿಲಿಸೆಕೆಂಡ್ ತಡ. ಸಾಫ್ಟ್‌ವೇರ್‌ಗೆ ಆ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಲು ಹೇಳಿದರೆ 200 ಹರ್ಟ್ಸ್‌ನಿಂದ ಮೇಲಿನದ್ದು ಕೋಣೆಯ ಹಂಗಿಲ್ಲದೆ ಸಿಗುತ್ತದೆ. ಚಾವಣಿ, ಗೋಡೆಗಳೂ ಅಷ್ಟೇ ದೂರದಲ್ಲಿರಬೇಕು. ಬೆಳಗಿನ ಜಾವದ ತಾರಸಿ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ. ವೂಫರನ್ನೂ ಟ್ವೀಟರನ್ನೂ ಮೈಕ್ ಕದಲಿಸದೆ ಬೇರೆ ಬೇರೆಯಾಗಿ ಅಳೆಯಿರಿ, ಆಮೇಲೆ ಎರಡನ್ನೂ ಒಟ್ಟಿಗೆ ಅಳೆಯಿರಿ. ಈ ಮೂರರಿಂದ ಅವುಗಳ ನಡುವಿನ ಅಂತರವನ್ನು ಸಾಫ್ಟ್‌ವೇರ್‌ನಲ್ಲಿ ಹೊಂದಿಸಬಹುದು.

ಇಂಪೀಡೆನ್ಸ್ ಅಳೆಯಲು ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಔಟ್, ಸೌಂಡ್ ಕಾರ್ಡ್‌ನ ಎರಡು ಇನ್‌ಪುಟ್ ಮತ್ತು ಒಂದು 100 ಓಮ್ ರೆಸಿಸ್ಟರ್ ಸಾಕು, ಆರ್‌ಇಡಬ್ಲ್ಯುನಲ್ಲೇ ಆ ಸೌಲಭ್ಯವಿದೆ. ಇದಕ್ಕೆ ಈಗ ಎಲ್ಲೆಡೆ ಸಿಗುವ ಪುಟ್ಟ ಕ್ಲಾಸ್-ಡಿ ಆಂಪ್ ಬೋರ್ಡ್ ಬಳಸಬೇಡಿ. ಅವುಗಳಲ್ಲಿ ಬಹಳಷ್ಟರ ಮೈನಸ್ ತಂತಿಯಲ್ಲೂ ಸಿಗ್ನಲ್ ಇರುತ್ತದೆ. ಸೌಂಡ್ ಕಾರ್ಡ್‌ನ ಗ್ರೌಂಡ್ ಅದಕ್ಕೆ ತಾಗಿದರೆ ಶಾರ್ಟ್. ಅಗ್ಗದ ಮಲ್ಟಿಮೀಟರ್‌ನ ಎಸಿ ರೇಂಜ್ ಕೂಡ ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ.

ಮೈಕ್ ಕೊಳ್ಳುವುದು ಆಗಲೇ ಇಲ್ಲವೆಂದರೆ ಡೇಟಾಶೀಟಿನ ಗ್ರಾಫ್‌ಗಳನ್ನು ಟ್ರೇಸ್ ಮಾಡಿ, ಹಲಗೆಯ ಲೆಕ್ಕ ಸೇರಿಸಿ, ಸಾಫ್ಟ್‌ವೇರ್‌ಗೆ ಕೊಡಿ. ಗುರಿಯ ಹತ್ತಿರ ಹೋಗಬಹುದು, ಆದರೆ ಪ್ಲಸ್-ಮೈನಸ್ ಮತ್ತು ಅಲೆಗಳ ಹೊಂದಾಣಿಕೆ ಊಹೆಯಲ್ಲೇ ಉಳಿಯುತ್ತದೆ.

ಮೊದಲ ಸಲ ಸದ್ದು ಹಾಕುವಾಗ

ಭಾಗಗಳನ್ನು ಡಬ್ಬಿಯೊಳಗೆ ಅಂಟಿಸಬೇಡಿ. ಡಬ್ಬಿಯ ಹೊರಗೆ ಒಂದು ಹಲಗೆ ಮೇಲೆ ಮೊಸಳೆ ಕ್ಲಿಪ್‌ಗಳಲ್ಲಿ ಜೋಡಿಸಿ, ತಿಂಗಳುಗಟ್ಟಲೆ ಹಾಗೇ ಇದ್ದರೂ ಚಿಂತೆಯಿಲ್ಲ. ಮೊದಲು ಮಲ್ಟಿಮೀಟರ್‌ನಲ್ಲಿ ಆಂಪ್ ಕಡೆಯ ಎರಡು ತುದಿಗಳನ್ನು ಅಳೆಯಿರಿ: ವೂಫರ್‌ನ 5.8ಕ್ಕೆ ಕಾಯಿಲ್‌ನ ಅರ್ಧ ಓಮ್ ಸೇರಿ 6.3ರ ಹತ್ತಿರ ತೋರಿಸಬೇಕು. ಒಂದು ಓಮ್‌ಗಿಂತ ಕಡಿಮೆ ತೋರಿಸಿದರೆ ಟ್ವೀಟರ್‌ನ ಕಾಯಿಲ್ ಕಂಡೆನ್ಸರ್ ದಾಟದೆ ನೇರ ಆಂಪ್‌ಗೇ ಅಡ್ಡಲಾಗಿ ಸೇರಿಕೊಂಡಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ.

ವೂಫರನ್ನು ಮಾತ್ರ ಕೇಳಬೇಕೆಂದಾಗ ಟ್ವೀಟರ್‌ನ ತಂತಿ ಕಿತ್ತರೆ ಸಾಲದು, ಟ್ವೀಟರ್ ಕಡೆಯ ಇಡೀ ಶಾಖೆಯನ್ನು ಆಂಪ್ ತುದಿಯಲ್ಲೇ ಬಿಡಿಸಿ. ಟ್ವೀಟರೂ ಅದರ ಮುಂದಿನ ರೆಸಿಸ್ಟರ್‌ಗಳೂ ಇಲ್ಲದೆ ಕಂಡೆನ್ಸರ್ ಮತ್ತು ಕಾಯಿಲ್ ಎರಡೇ ಉಳಿದುಬಿಟ್ಟರೆ, 3,400 ಹರ್ಟ್ಸ್ ಸುಮಾರಿಗೆ ಅವೆರಡೂ ಸೇರಿ ಆಂಪ್‌ಗೆ ಬರೀ ಅರ್ಧ ಓಮ್‌ನಂತೆ ಕಾಣುತ್ತವೆ. ಆಂಪ್ ಸುಟ್ಟುಹೋಗಲು ಅಷ್ಟು ಸಾಕು.

ಕೇಳಿ ಹೊಂದಿಸುವಾಗ ಒಂದೇ ಭಾಗವನ್ನು ಮುಟ್ಟಿ: ಟ್ವೀಟರ್‌ನ ಸರಣಿಯ 3.9 ಓಮ್. ಅದನ್ನು 3.3, 4.7 ಹೀಗೆ ಬದಲಿಸಿದರೆ ಮೇಲಿನ ಸ್ವರಗಳ ಮಟ್ಟ ಅರ್ಧದಿಂದ ಒಂದು ಡಿಬಿಯಷ್ಟು ಏರಿಳಿಯುತ್ತದೆ. ಸಣ್ಣ ಸಂಖ್ಯೆ, ಆದರೆ ಇಡೀ ಟ್ವೀಟರ್‌ನ ಮಟ್ಟವೇ ಸರಿಯುವುದರಿಂದ ಕಿವಿಗೆ ಗೊತ್ತಾಗುತ್ತದೆ. ಆಕಾಶವಾಣಿಯ ವಾರ್ತೆ ಹಾಕಿ; ಓದುವವರ ಸಕಾರ, ಶಕಾರಗಳು ಮಾತಿನಿಂದ ಬೇರ್ಪಟ್ಟು ಟ್ವೀಟರ್‌ನಿಂದ ಸೀಟಿಯಂತೆ ಬಂದರೆ ರೆಸಿಸ್ಟರ್ ಹೆಚ್ಚಿಸಿ. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಂತೆ ಮುಸುಕಾಗಿದ್ದರೆ ತಗ್ಗಿಸಿ. ಆಮೇಲೆ ತನಿ ಆವರ್ತನದ ಒಂದು ಒಳ್ಳೆಯ ರೆಕಾರ್ಡಿಂಗ್. ಮೃದಂಗದ ಎಡಗಡೆಯ ತೊಪ್ಪಿ ವೂಫರ್‌ನದ್ದು. ಬಲಗಡೆಯ ಪೆಟ್ಟಿನ ಮೈ ವೂಫರ್‌ನಲ್ಲಿ, ಅದರ ಮೊನೆ ಟ್ವೀಟರ್‌ನಲ್ಲಿ. ಬಲಗಡೆಯ ಒಂದೇ ಪೆಟ್ಟು ಎರಡು ಜಾಗದಿಂದ ಬಂದಂತೆ ಕೇಳಿದರೆ ರೆಸಿಸ್ಟರ್ ಬಿಟ್ಟು ಮತ್ತೆ ಮೈಕ್ ಹಿಡಿಯಿರಿ. ಅದು ಮಟ್ಟದ ತೊಂದರೆಯಲ್ಲ, 2,500ರ ಹತ್ತಿರ ಅಲೆಗಳು ಕೂಡದಿರುವ ತೊಂದರೆ.